ಸೈನೈಡ್ ಗುಡ್ಡದಲ್ಲಿ ಉಳಿದಿರುವುದು

ಬೆಂಗಳೂರಿನಿಂದ ಮಾರಿಕುಪ್ಪಂ ರೈಲಿನಲ್ಲಿ ಹೋದರೆ, ಕೋಲಾರದ ಚಿನ್ನದ ಗಣಿ ಊರಾದ ಕೆಜಿಎಫ್ ಹತ್ತಿರ ಬಂದಂತೆ ಮನೆಗಳ ಹಿಂದೆ ಬೂದು ಗುಡ್ಡಗಳು ಕಾಣಿಸುತ್ತವೆ. ತಲೆ ಚಪ್ಪಟೆ, ಮೈ ತುಂಬ ಮಳೆ ಕೊರೆದ ಸೀಳುಗಳು. ಮಣ್ಣನ್ನು ಬೆರಳಲ್ಲಿ ಉಜ್ಜಿದರೆ ರಾಗಿ ಹಿಟ್ಟಿನ ಹಾಗೆ ನುಣ್ಣಗಿರುತ್ತದೆ. ಜನ ಇದನ್ನು ಸೈನೈಡ್ ಗುಡ್ಡ ಅಂತಾರೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಗಣಿ ಕೆಲಸ ಶುರು ಮಾಡಿತು. ಮುಂದೆ ಸೈನೈಡ್ ವಿಧಾನ ಬಂತು. ಕಲ್ಲನ್ನು ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಪುಡಿಯನ್ನು ಪಕ್ಕದಲ್ಲೇ ಸುರಿಯುತ್ತಿದ್ದರು. ಕೊನೆಕೊನೆಗೆ ಒಂದು ಟನ್ ಕಲ್ಲಿಗೆ ಸಿಗುತ್ತಿದ್ದ ಚಿನ್ನ ಸುಮಾರು 3 ಗ್ರಾಂ. ಮಿಕ್ಕದ್ದೆಲ್ಲ ಗುಡ್ಡಕ್ಕೆ. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. 13 ಗುಡ್ಡ, ಸುಮಾರು 3.3 ಕೋಟಿ ಟನ್ ಪುಡಿ ಹಾಗೇ ಉಳಿಯಿತು.

ಹೆಸರು ಕೇಳಿ ಎಲ್ಲರೂ ಹೆದರುವುದು ಸೈನೈಡ್‌ಗೆ. ಆದರೆ ಬಿಸಿಲು, ಗಾಳಿಗೆ ಸೈನೈಡ್ ಬಹುಪಾಲು ಒಡೆದು ಹೋಗುತ್ತದೆ. ಲೋಹ ಹೋಗುವುದಿಲ್ಲ. ಚಿನ್ನದ ಅದಿರಿನ ಜೊತೆ ಕಬ್ಬಿಣ, ಗಂಧಕ, ಎಷ್ಟೋ ಕಡೆ ವಿಷವಾದ ಆರ್ಸೆನಿಕ್ ಇರುವ ಖನಿಜಗಳೂ ಸೇರಿರುತ್ತವೆ. ಗಟ್ಟಿ ಬಂಡೆಯೊಳಗೆ ಇದ್ದಾಗ ಅವು ಸುಮ್ನೆ ಇದ್ದವು. ಹಿಟ್ಟಾಗಿ ಹೊರಗೆ ಬಿದ್ದ ಮೇಲೆ ಗಾಳಿ, ನೀರು ಸಲೀಸಾಗಿ ತಾಗುತ್ತವೆ. ಗಂಧಕದಿಂದ ಆಮ್ಲ ಹುಟ್ಟುತ್ತದೆ, ಆಮ್ಲ ಲೋಹವನ್ನು ಕರಗಿಸುತ್ತದೆ. ಮಳೆ ಅದನ್ನು ಹಳ್ಳಕ್ಕೆ, ಕೆರೆಗೆ ಇಳಿಸುತ್ತದೆ. ಅಲ್ಲಿ ಬಹಳಷ್ಟು ಲೋಹ ಹೂಳಿಗೆ ಅಂಟಿಕೊಂಡು ಕೂರುತ್ತದೆ. ಮೇಲಿನ ನೀರು ತಿಳಿಯಾಗಿದ್ದ ಮಾತ್ರಕ್ಕೆ ಕೆರೆ ಚೆನ್ನಾಗಿದೆ ಅನ್ನೋಕಾಗಲ್ಲ. ಹೂಳನ್ನೂ ಪರೀಕ್ಷೆ ಮಾಡಬೇಕು. ಗಾಳಿ ಕಾಲದಲ್ಲಂತೂ ಈ ಪುಡಿ ಮನೆಯೊಳಗೇ ಬರುತ್ತದೆ.

ಇದು ಬರೀ ಕೋಲಾರದವರ ಕಷ್ಟ ಅಂತ ಬೆಂಗಳೂರಿನವರು ಕೈ ತೊಳೆದುಕೊಳ್ಳುವ ಹಾಗಿಲ್ಲ. 1902ರಲ್ಲಿ ಶಿವನಸಮುದ್ರದ ಕರೆಂಟ್ ಮೊದಲು ಹೋಗಿದ್ದು ಈ ಗಣಿಗೆ. ಅದರ ಬೆನ್ನಿಗೇ, 1905ರಲ್ಲಿ, ನಮ್ಮ ಬೀದಿಗಳಲ್ಲಿ ದೀಪ ಉರಿಯಿತು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡಲಾಗುತ್ತಿದೆ. ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಅವರು ಕೇಳುವುದರಲ್ಲಿ ನ್ಯಾಯವಿದೆ, ಅಲ್ವಾ?

2024ರ ಜೂನ್‌ನಲ್ಲಿ ಈ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಚಿನ್ನ ತೆಗೆದರೂ ಪುಡಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಈ ಸಲ ಅದನ್ನು ಎಲ್ಲಿ ಸುರಿಯುತ್ತಾರೆ, ಮೇಲೆ ಏನು ಮುಚ್ಚುತ್ತಾರೆ, ಬುಡದಿಂದ ಹರಿಯುವ ನೀರನ್ನು ಎಲ್ಲಿ ತಡೆಯುತ್ತಾರೆ? ಮೊದಲ ಲಾರಿ ಹೊರಡುವ ಮುಂಚೆಯೇ ಇದಕ್ಕೆ ಉತ್ತರ ಬರಹದಲ್ಲಿ ಬೇಕು.