ವಿಂಡೋಸ್ 11 ಹಾಕಿದ ಮೇಲೆ ಲ್ಯಾಪ್‌ಟಾಪ್ ಆನ್ ಆಗೋದು ಯಾಕೆ ನಿಧಾನ?

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪ್ 2019ರದ್ದು. ವಿಂಡೋಸ್ 10 ಇದ್ದಾಗ ಪರವಾಗಿಲ್ಲ ಅನ್ನುವಷ್ಟು ಬೇಗ ಆನ್ ಆಗುತ್ತಿತ್ತು. 11ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಮೂರು ನಾಲ್ಕು ನಿಮಿಷ ಬೇಕು. ಎಂಎಸ್‌ಕಾನ್ಫಿಗ್ ಅನ್ನುವ ವಿಂಡೋಸ್ ಸೆಟ್ಟಿಂಗ್ ಕಿಟಕಿಯಲ್ಲಿ ಪ್ರೊಸೆಸರ್ ಸಂಖ್ಯೆ ಜಾಸ್ತಿ ಮಾಡಿದರೆ ಸರಿಹೋಗುತ್ತೆ ಅಂತ ಒಂದು ವಿಡಿಯೋದಲ್ಲಿ ಹೇಳಿದರು. ಮಾಡಲಾ?

ಉತ್ತರ: ಬೇಡ. ಆ ಸೆಟ್ಟಿಂಗ್ ಮುಟ್ಟಬೇಡಿ. ಆಗಲೇ ಮುಟ್ಟಿದ್ದರೆ ಈಗಲೇ ಮೊದಲಿನಂತೆ ಮಾಡಿ. ಹೇಗೆ ಅಂತ ಕೆಳಗೆ ಹೇಳಿದ್ದೇನೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಆಸುಪಾಸಿನಲ್ಲಿ ತುಂಬಾ ಜನ ಇದ್ದ ಲ್ಯಾಪ್‌ಟಾಪ್‌ಗೇ ವಿಂಡೋಸ್ 11 ಹಾಕಿಕೊಂಡರು. ಆಗಿನಿಂದ ಈ ಪ್ರಶ್ನೆ ಬರುತ್ತಲೇ ಇದೆ. ಪ್ರತಿ ಸಲವೂ ಜೊತೆಗೆ ಅದೇ ವಿಡಿಯೋದ ಮಾತು. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಮೊದಲು ಆ ಪ್ರೊಸೆಸರ್ ಕಥೆ ಮುಗಿಸೋಣ. ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಟ್ಯಾಬ್‌ಗೆ ಹೋಗಿ, ಅಡ್ವಾನ್ಸ್ಡ್ ಆಪ್ಷನ್ಸ್ ಒತ್ತಿದರೆ 'ನಂಬರ್ ಆಫ್ ಪ್ರೊಸೆಸರ್ಸ್' ಅಂತ ಒಂದು ಚೌಕ ಕಾಣುತ್ತದೆ. ಅದಕ್ಕೆ ಟಿಕ್ ಇರುವುದಿಲ್ಲ. ಕೆಳಗೆ ಮಸುಕಾಗಿ 1 ಅಂತ ಕಾಣುತ್ತದೆ. ಎಲ್ಲ ತಪ್ಪು ತಿಳುವಳಿಕೆ ಹುಟ್ಟಿದ್ದು ಆ ಮಸುಕಾದ 1ರಿಂದ. 'ನೋಡಿ, ವಿಂಡೋಸ್ ಒಂದೇ ಪ್ರೊಸೆಸರ್ ಬಳಸುತ್ತಿದೆ, ನಿಮ್ಮ ಹತ್ತಿರ ಎಂಟಿದೆ, ಎಂಟು ಮಾಡಿ' ಅನ್ನುತ್ತಾರೆ ವಿಡಿಯೋದವರು. ಕೇಳಿದವರಿಗೂ ಹೌದಲ್ವಾ ಅನಿಸುತ್ತದೆ.

ಅದು ಹಾಗಲ್ಲ. ಟಿಕ್ ಇಲ್ಲ ಅಂದರೆ ಮಿತಿಯೇ ಇಲ್ಲ ಅಂತ ಅರ್ಥ. ವಿಂಡೋಸ್ ಎಲ್ಲ ಪ್ರೊಸೆಸರ್‌ಗಳನ್ನೂ ತಾನೇ ಗುರುತಿಸಿ ಬಳಸಿಕೊಳ್ಳುತ್ತದೆ. ಟಿಕ್ ಹಾಕಿ ಒಂದು ಸಂಖ್ಯೆ ಆರಿಸಿದರೆ ನೀವು ಹೇಳಿದಂತಾಗುವುದು 'ಇದಕ್ಕಿಂತ ಜಾಸ್ತಿ ಬಳಸಬೇಡ' ಅಂತ. ಆ ಚೌಕದಿಂದ ಕಡಿಮೆ ಮಾಡಬಹುದೇ ಹೊರತು ಜಾಸ್ತಿ ಮಾಡಲು ಆಗುವುದೇ ಇಲ್ಲ.

ಹಾಗಾದರೆ ಇದನ್ನು ಇಟ್ಟಿದ್ದು ಯಾಕೆ? ಡ್ರೈವರ್, ಅಂದರೆ ಪ್ರಿಂಟರ್, ವೈಫೈಯಂಥವನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಪ್ರೋಗ್ರಾಂ, ಬರೆಯುವವರಿಗಾಗಿ. ತಮ್ಮ ಡ್ರೈವರ್ ಎರಡು ಪ್ರೊಸೆಸರ್ ಇರುವ ಮಶೀನಿನಲ್ಲಿ ಹೇಗೆ ನಡೆಯುತ್ತದೆ ಅಂತ ನೋಡಲು ಅವರು ಬೇರೆ ಮಶೀನ್ ತರಬೇಕಾಗಿಲ್ಲ. ಎಂಟಿರುವ ಮಶೀನಿನಲ್ಲೇ ಎರಡು ಅಂತ ಮಿತಿ ಹಾಕಿ ಪರೀಕ್ಷೆ ಮಾಡುತ್ತಾರೆ. ಇದು ಹೊಸದೂ ಅಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬೂಟ್ ಡಾಟ್ ಐಎನ್ಐ ಅನ್ನುವ ಫೈಲ್ ಇತ್ತಲ್ಲ, ಅದರಲ್ಲೂ ಇದೇ ಕೆಲಸದ ಸ್ವಿಚ್ ಇತ್ತು. ಆಗಲೂ ಅದು ಪರೀಕ್ಷೆಗೆ ಅಂತಲೇ ಇತ್ತು.

ನನ್ನ ಮಾತನ್ನು ಸುಮ್ನೆ ನಂಬಬೇಕಾಗಿಲ್ಲ. ನೀವೇ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಸಿಪಿಯು. ಬಲಗಡೆ ಕೆಳಗೆ 'ಲಾಜಿಕಲ್ ಪ್ರೊಸೆಸರ್ಸ್' ಅಂತ ಒಂದು ಸಂಖ್ಯೆ ಇದೆ. ಎಂಎಸ್‌ಕಾನ್ಫಿಗ್‌ನಲ್ಲಿ ಟಿಕ್ ಇಲ್ಲದೆಯೇ ಅಲ್ಲಿ ಪೂರ್ತಿ ಎಂಟು ಕಾಣುತ್ತದೆ. ಒಂದೇ ಬಳಸುತ್ತಿದ್ದರೆ ಎಂಟು ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ ಆ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ. ಪವರ್ ಬಟನ್ ಒತ್ತಿದ ಕೂಡಲೇ ಓಡುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನಲ್ಲಿರುವ ಬಯೋಸ್ ಅನ್ನುವ ಚಿಕ್ಕ ಪ್ರೋಗ್ರಾಂ. ಅದು ತನ್ನ ಕೆಲಸವನ್ನು ಹೆಚ್ಚಾಗಿ ಒಂದೇ ಪ್ರೊಸೆಸರ್‌ನಲ್ಲಿ ಮಾಡುತ್ತದೆ. ಆಮೇಲೆ ಬರುವ ವಿಂಡೋಸ್ ಲೋಡರ್ ಕೂಡ ಅಷ್ಟೇ. ವಿಂಡೋಸ್‌ನ ತಿರುಳಾದ ಕರ್ನಲ್ ಮೆಮೊರಿಗೆ ಬಂದ ಮೇಲೆ ಅದೇ ಉಳಿದ ಪ್ರೊಸೆಸರ್‌ಗಳನ್ನು ಎಬ್ಬಿಸುತ್ತದೆ. ಅಲ್ಲಿಂದ ಮುಂದೆಯೂ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ಗಳು ಕಾಯುವುದೇ ಜಾಸ್ತಿ, ಡಿಸ್ಕಿನಿಂದ ಫೈಲ್ ಬರಲಿ ಅಂತ. ಮದುವೆ ಊಟದಲ್ಲಿ ಎಂಟು ಜನ ಬಡಿಸಲು ಸಾಲಾಗಿ ನಿಂತಿದ್ದಾರೆ, ಅಡುಗೆ ಮನೆಯಿಂದ ಅನ್ನವೇ ಬಂದಿಲ್ಲ ಅಂದುಕೊಳ್ಳಿ. ಬಡಿಸುವವರನ್ನು ಎಷ್ಟು ಸಲ ಎಣಿಸಿದರೂ ಊಟ ಬೇಗ ಬರುವುದಿಲ್ಲ.

'ಆದರೆ ನಾನು ಮಾಡಿ ನೋಡಿದೆ ಸರ್, ನಿಜವಾಗಲೂ ಬೇಗ ಆಯ್ತು' ಅನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅಪ್‌ಗ್ರೇಡ್ ಆದ ಮೊದಲ ಒಂದೆರಡು ದಿನ ವಿಂಡೋಸ್‌ಗೆ ಬೆಟ್ಟದಷ್ಟು ಬಾಕಿ ಕೆಲಸ ಇರುತ್ತದೆ. ಫೈಲ್‌ಗಳನ್ನು ಹುಡುಕಲು ಇಂಡೆಕ್ಸ್ ಮತ್ತೆ ಕಟ್ಟಬೇಕು. ವಿಂಡೋಸ್‌ನದ್ದೇ ಆ್ಯಂಟಿವೈರಸ್ ಆದ ಡಿಫೆಂಡರ್ ಸ್ಕ್ಯಾನ್ ಮಾಡಬೇಕು. ಅಪ್‌ಡೇಟ್ ಮೂಲಕ ಹೊಸ ಡ್ರೈವರ್ ಇಳಿಸಿಕೊಳ್ಳಬೇಕು. ಸ್ಟೋರ್‌ನ ಆ್ಯಪ್‌ಗಳನ್ನು ಹೊಸದು ಮಾಡಬೇಕು. ಜೊತೆಗೆ ಯಾವ ಫೈಲ್ ಯಾವಾಗ ಬೇಕು ಅಂತ ಪ್ರತಿ ಬೂಟ್‌ನಲ್ಲೂ, ಅಂದರೆ ಆನ್ ಆಗುವಾಗಲೆಲ್ಲ, ವಿಂಡೋಸ್ ಕಲಿಯುತ್ತಾ ಹೋಗುತ್ತದೆ. ನಾಲ್ಕೈದು ಸಲ ಆನ್ ಮಾಡಿ ಆಫ್ ಮಾಡಿದರೆ ತಾನಾಗೇ ಸ್ವಲ್ಪ ಚುರುಕಾಗುತ್ತದೆ. ನೀವು ಟಿಕ್ ಹಾಕಿದ್ದು ಆ ಹೊತ್ತಿನಲ್ಲಿ. ಹೆಸರು ಟಿಕ್‌ಗೆ ಹೋಯಿತು. ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ ನೋಡಿ, ವ್ಯತ್ಯಾಸ ಕಾಣುವುದಿಲ್ಲ.

ಲಾಭ ಇಲ್ಲದಿದ್ದರೂ ನಷ್ಟ ಇಲ್ಲವಲ್ಲ ಅಂತ ಕೆಲವರ ವಾದ. ನಷ್ಟ ಇದೆ. ವಿಡಿಯೋ ಮಾಡಿದವರ ಮಶೀನಿನಲ್ಲಿ ನಾಲ್ಕೇ ಇರುತ್ತದೆ, ಅವರು 4 ಅಂತ ಆರಿಸುತ್ತಾರೆ. ನೋಡಿದವರು ಎಂಟಿರುವ ಮಶೀನಿನಲ್ಲೂ 4 ಹಾಕಿಬಿಡುತ್ತಾರೆ. ಅಲ್ಲಿಗೆ ಅರ್ಧ ಪ್ರೊಸೆಸರ್ ಕಟ್. ಅದೇ ಕಿಟಕಿಯಲ್ಲಿ ಪಕ್ಕದಲ್ಲೇ 'ಮ್ಯಾಕ್ಸಿಮಮ್ ಮೆಮೊರಿ' ಅಂತ ಇನ್ನೊಂದು ಚೌಕ ಇದೆ. ಅದು ಇನ್ನೂ ಕೆಟ್ಟದ್ದು. ಅದೂ ಮಿತಿ ಹಾಕುವ ಚೌಕವೇ. ತೀರಾ ಕಡಿಮೆ ಸಂಖ್ಯೆ ಬಿದ್ದರೆ ವಿಂಡೋಸ್ ಏಳುವುದೇ ಇಲ್ಲ. ಆಮೇಲೆ ಅಂಗಡಿಗೆ ಹೊತ್ತುಕೊಂಡು ಹೋಗಬೇಕು.

ಮೊದಲಿನಂತೆ ಮಾಡಲು: ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎಂಎಸ್‌ಕಾನ್ಫಿಗ್ ಅಂತ ಇಂಗ್ಲಿಷಿನಲ್ಲಿ (msconfig) ಟೈಪ್ ಮಾಡಿ ಎಂಟರ್ ಒತ್ತಿ, ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್. ಎರಡೂ ಟಿಕ್ ತೆಗೆದು ಓಕೆ, ಅಪ್ಲೈ, ರೀಸ್ಟಾರ್ಟ್. ಮತ್ತೆ ಆ ಕಡೆ ಹೋಗಬೇಡಿ.

ಈಗ ನಿಜವಾದ ಕಾರಣಕ್ಕೆ ಬರೋಣ. ನಿಮ್ಮದು 2019ರ ಲ್ಯಾಪ್‌ಟಾಪ್ ಅಂದಿರಿ. ಆಗ ನಮ್ಮಲ್ಲಿ ಮಾರಾಟವಾದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದ್ದಿದ್ದು ಒಂದು ಟೆರಾಬೈಟ್‌ನ ಹಾರ್ಡ್ ಡಿಸ್ಕ್. ನಿಮಿಷಕ್ಕೆ 5400 ಸುತ್ತು ತಿರುಗುವಂಥದ್ದು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಡಿಸ್ಕನ್ನು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತಲೆ ಆ ಕಡೆ ಈ ಕಡೆ ಸರಿಯುವ ಸಮಯ ಬೇರೆ. ಲೆಕ್ಕ ಹಾಕಿದರೆ ಅಲ್ಲಲ್ಲಿ ಚದುರಿದ ಫೈಲ್‌ಗಳನ್ನು ಅದು ಸೆಕೆಂಡಿಗೆ ನೂರು ಸಲವೂ ಓದಲಾರದು. ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಫೈಲ್ ಇಡುವ ಸಾಧಾರಣ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ವಿಂಡೋಸ್ ಬೂಟ್ ಆಗುವುದೆಂದರೆ ಇಂಥ ಸಾವಿರಾರು ಚಿಕ್ಕ ಚಿಕ್ಕ ಓದುಗಳೇ. ಹೊಸ ವಿಂಡೋಸ್‌ನಲ್ಲಿ ಹಿನ್ನೆಲೆಯ ಕೆಲಸಗಳು ಜಾಸ್ತಿ. ಹತ್ತರಲ್ಲಿ ಏದುಸಿರು ಬಿಡುತ್ತಿದ್ದ ಡಿಸ್ಕ್ ಹನ್ನೊಂದರಲ್ಲಿ ಕುಸಿಯುತ್ತದೆ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹಾಕಿದ ಕನಿಷ್ಠ ಷರತ್ತುಗಳಲ್ಲಿ 4 ಜಿಬಿ ರ‍್ಯಾಮ್ ಇದೆ, 64 ಜಿಬಿ ಜಾಗ ಇದೆ, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇದೆ. ಎಸ್‌ಎಸ್‌ಡಿ ಇರಲೇಬೇಕು ಅಂತ ಇಲ್ಲ. ಹಾಗಾಗಿ ಅಪ್‌ಗ್ರೇಡ್‌ಗೆ ಮುಂಚೆ ಓಡಿಸುವ ಪರೀಕ್ಷೆ 'ನಿಮ್ಮ ಪಿಸಿ ಸಿದ್ಧವಾಗಿದೆ' ಅಂತ ಹಸಿರು ಟಿಕ್ ಕೊಡುತ್ತದೆ. ಆ ಹಸಿರು ಟಿಕ್ ಹೇಳುವುದು ಓಡುತ್ತದೆ ಅಂತ ಮಾತ್ರ. ಬೇಗ ಓಡುತ್ತದೆ ಅಂತ ಅಲ್ಲ. ಷರತ್ತಿನ ಪಟ್ಟಿಯಲ್ಲಿ ಎಸ್‌ಎಸ್‌ಡಿಯನ್ನೂ ಸೇರಿಸಿದ್ದರೆ ಎಷ್ಟೋ ಜನರ ತಲೆನೋವು ತಪ್ಪುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮದರಲ್ಲಿ ಯಾವುದಿದೆ ಅಂತ ತಿಳಿಯಲು ಅದೇ ಟಾಸ್ಕ್ ಮ್ಯಾನೇಜರ್ ಸಾಕು. ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ (ಅಂದರೆ ಹಾರ್ಡ್ ಡಿಸ್ಕ್) ಅಥವಾ ಎಸ್‌ಎಸ್‌ಡಿ ಅಂತ ಬರೆದಿರುತ್ತದೆ. ಎಚ್‌ಡಿಡಿ ಇದ್ದು, ಲಾಗಿನ್ ಆದ ಮೇಲೆ ಎಷ್ಟೋ ಹೊತ್ತು 100 ಪರ್ಸೆಂಟ್ ತೋರಿಸುತ್ತಿದ್ದರೆ ಇನ್ನೇನೂ ಹುಡುಕಬೇಡಿ. ಎಸ್‌ಎಸ್‌ಡಿ ಹಾಕಿಸಿ. ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ, ನಿಮ್ಮೂರಿನ ರಿಪೇರಿ ಅಂಗಡಿಯಾಗಲಿ, ಹಳೇ ಡಿಸ್ಕನ್ನು ಹೊಸದಕ್ಕೆ ಕ್ಲೋನ್ ಮಾಡಿಕೊಡಿ ಅಂತ ಕೇಳಿ. ಹಾಗೆ ಮಾಡಿದರೆ ಫೈಲ್‌ಗಳೂ ಸಾಫ್ಟ್‌ವೇರ್‌ಗಳೂ ಇದ್ದ ಹಾಗೇ ಬರುತ್ತವೆ. ಏನೇ ಆಗಲಿ, ಕೊಡುವ ಮುಂಚೆ ಮುಖ್ಯವಾದ ಫೈಲ್‌ಗಳ ಬ್ಯಾಕಪ್ ಮಾಡಿಕೊಳ್ಳಿ. ಎನ್‌ವಿಎಂಇ ಅನ್ನುವ ದುಬಾರಿ ಬಗೆಯ ಎಸ್‌ಎಸ್‌ಡಿಯೇ ಬೇಕು ಅಂತಿಲ್ಲ. ಹಾರ್ಡ್ ಡಿಸ್ಕ್ ಜಾಗದಲ್ಲೇ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ಬೂಟ್ ಸಮಯದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ.

ರ‍್ಯಾಮ್ ಹಾಕಿಸಲಾ ಅಂತಲೂ ಕೇಳುತ್ತಾರೆ. 4 ಜಿಬಿ ಇದ್ದರೆ 8 ಮಾಡಿಸಿ, ಬ್ರೌಸರ್ ತೆರೆದು ಕೆಲಸ ಮಾಡುವಾಗ ತುಂಬಾ ಉಪಯೋಗ. ಆದರೆ ಪವರ್ ಬಟನ್‌ನಿಂದ ಲಾಗಿನ್ ತನಕದ ಸಮಯಕ್ಕೆ ಅದರಿಂದ ಆಗುವುದು ಅಷ್ಟಕ್ಕಷ್ಟೇ.

ಎಸ್‌ಎಸ್‌ಡಿ ಇದ್ದೂ ನಿಧಾನ ಅನ್ನುವವರು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಆ್ಯಪ್ಸ್ ನೋಡಿ. ಅಲ್ಲಿ ಮೇಲೆ ಬಲಗಡೆ 'ಲಾಸ್ಟ್ ಬಯೋಸ್ ಟೈಮ್' ಅಂತ ಸೆಕೆಂಡ್‌ಗಳಲ್ಲಿ ತೋರಿಸುತ್ತದೆ. ಎಲ್ಲ ಮಶೀನಿನಲ್ಲೂ ಕಾಣುವುದಿಲ್ಲ. ಕಂಡರೆ ಗಮನಿಸಿ. ಅದು 20, 30 ಸೆಕೆಂಡ್ ಇದ್ದರೆ ತಪ್ಪು ವಿಂಡೋಸ್‌ನದ್ದಲ್ಲ. ಹಿಂದೆ ಚುಚ್ಚಿಟ್ಟ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್ ತೆಗೆದು ನೋಡಿ. ಆಮೇಲೆ ಪಟ್ಟಿಯಲ್ಲಿ 'ಹೈ' ಅಂತ ಬರೆದಿರುವವನ್ನು ನೋಡಿ. ಪ್ರಿಂಟರ್ ಜೊತೆ ಬಂದದ್ದು, ಮೀಟಿಂಗ್ ಆ್ಯಪ್, ಗೇಮ್ ಲಾಂಚರ್, ಇವೆಲ್ಲ ಲಾಗಿನ್ ಆದ ಕೂಡಲೇ ಏಳಬೇಕಾಗಿಲ್ಲ. ಡಿಸೇಬಲ್ ಮಾಡಿ, ಬೇಕಾದಾಗ ತೆರೆದರೆ ಆಯಿತು. ಲ್ಯಾಪ್‌ಟಾಪ್ ಜೊತೆ ಬಂದು ಅವಧಿ ಮುಗಿದ ಆ್ಯಂಟಿವೈರಸ್ ಇದ್ದರೆ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ. ನುಡಿ, ಬರಹವನ್ನು ಸ್ಟಾರ್ಟಪ್‌ಗೆ ಹಾಕಿಕೊಂಡವರು ಅದನ್ನು ತೆಗೆಯಬೇಕಾ ಅಂತ ಕೇಳುತ್ತಾರೆ. ಬೇಕಾಗಿಲ್ಲ, ಅವು ತುಂಬಾ ಚಿಕ್ಕವು. ಬರೀ ಯೂನಿಕೋಡ್‌ನಲ್ಲಿ ಟೈಪ್ ಮಾಡುವವರಿಗೆ ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ. 2019ರಿಂದ ಫೊನೆಟಿಕ್ ಕೂಡ ಇದೆ.

ಬೇಗ ಆನ್ ಆಗಲಿ ಅಂತ ವಿಂಡೋಸ್‌ನ ಪ್ರೀಫೆಚ್ ಫೋಲ್ಡರ್ ಅಳಿಸಬೇಡಿ. ಯಾವ ಫೈಲ್ ಯಾವಾಗ ಬೇಕು ಅಂತ ವಿಂಡೋಸ್ ಕಲಿತದ್ದು ಅದರಲ್ಲಿದೆ. ಅಳಿಸಿದರೆ ಮತ್ತೆ ಮೊದಲಿನಿಂದ ಕಲಿಯಬೇಕು.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ಮಾತು. ನೀವು ದಿನಾ ರಾತ್ರಿ ಮಾಡುವ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ನಂಬಿಕೆ ಬರದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಪುಟದ 'ಅಪ್ ಟೈಮ್' ನೋಡಿ. ದಿನಾ ಆಫ್ ಮಾಡಿದರೂ ಎಷ್ಟೋ ದಿನಗಳ ಲೆಕ್ಕ ತೋರಿಸುತ್ತಿರುತ್ತದೆ. 2012ರಲ್ಲಿ ವಿಂಡೋಸ್ 8 ಜೊತೆ ಬಂದ ಫಾಸ್ಟ್ ಸ್ಟಾರ್ಟಪ್ ಇದಕ್ಕೆ ಕಾರಣ. ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿಗೆ ಬರೆದಿಡಲಾಗುತ್ತದೆ. ಮರುದಿನ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ರೀಸ್ಟಾರ್ಟ್‌ಗೆ ಈ ಸೌಲಭ್ಯ ಇಲ್ಲ. ಅದು ಪ್ರತಿ ಸಲವೂ ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತದೆ.

ಇದು ನಿಮ್ಮ ಪ್ರಶ್ನೆಗೂ ಸೇರುತ್ತದೆ. ಅಪ್‌ಗ್ರೇಡ್ ಆದ ಹೊಸದರಲ್ಲಿ ಅಪ್‌ಡೇಟ್‌ಗಳು ಒಂದರ ಹಿಂದೆ ಒಂದು ರೀಸ್ಟಾರ್ಟ್ ಕೇಳುತ್ತವೆ. ನೀವು ಆ ರೀಸ್ಟಾರ್ಟ್‌ಗಳನ್ನು ಹಳೇ ವಿಂಡೋಸ್‌ನ ಶಟ್‌ಡೌನ್ ಆದ ಮೇಲಿನ ಬೂಟ್ ಜೊತೆ ಹೋಲಿಸುತ್ತೀರಿ. ಆ ಹೋಲಿಕೆಯೇ ಸರಿಯಲ್ಲ. ಒಂದು ವಾರ ಬಿಟ್ಟು, ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದಾಗ ಎಷ್ಟು ಹೊತ್ತಾಗುತ್ತದೆ ಅಂತ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿ.

ವೈಫೈ ಸಿಗುತ್ತಿಲ್ಲ, ಸೌಂಡ್ ಬರುತ್ತಿಲ್ಲ ಅನ್ನುವಂಥ ಸಣ್ಣ ತೊಂದರೆಗೆ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗದೆ ಇರುವುದೂ ಇದಕ್ಕೇ. ಕೆಟ್ಟ ಸ್ಥಿತಿಯನ್ನೇ ಬರೆದಿಟ್ಟು ಕೆಟ್ಟ ಸ್ಥಿತಿಯನ್ನೇ ಓದಿರುತ್ತದೆ. ಅಂಥ ಹೊತ್ತಿನಲ್ಲಿ ರೀಸ್ಟಾರ್ಟ್ ಒತ್ತಿ. ಪೂರ್ತಿ ಆಫ್ ಮಾಡಲೇಬೇಕಾದರೆ ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಿ.

ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ ಅನ್ನುವ ಸಲಹೆಯೂ ಓಡಾಡುತ್ತಿದೆ. ಹಾರ್ಡ್ ಡಿಸ್ಕ್ ಇರುವವರು ಅದನ್ನು ತೆಗೆದರೆ ಆನ್ ಆಗುವುದು ಇನ್ನೂ ನಿಧಾನವಾಗುತ್ತದೆ, ಹಾಗೇ ಬಿಡಿ. ಒಂದೇ ಮಶೀನಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರು ಮಾತ್ರ ತೆಗೆಯಬೇಕು. ವಿಂಡೋಸ್ ತನ್ನ ಡ್ರೈವನ್ನು ಅರ್ಧ ಮುಚ್ಚಿ ಹೋಗಿರುವುದರಿಂದ ಲಿನಕ್ಸ್ ಅದಕ್ಕೆ ಬರೆಯಲು ಒಪ್ಪುವುದಿಲ್ಲ, ಬಲವಂತ ಮಾಡಿದರೆ ಫೈಲ್‌ಗಳು ಹಾಳಾಗಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್‌ಗಳು ಏನು ಮಾಡಬೇಕು ಅಂತ ಆರಿಸುವ ಪುಟದಲ್ಲಿ ಅದರ ಟಿಕ್ ಇದೆ.