ಪದ ಪರಿಚಯ: ಕರಗಿದ ಆಮ್ಲಜನಕದ ದೈನಿಕ ಏರಿಳಿತ

ನೀರಿನಲ್ಲಿ ಕರಗಿರುವ ಆಮ್ಲಜನಕದ ಪ್ರಮಾಣವು ಒಂದು ಹಗಲು, ಒಂದು ರಾತ್ರಿಯ ಅವಧಿಯಲ್ಲಿ ಏರಿ ಇಳಿಯುವುದಕ್ಕೆ ಈ ಹೆಸರು. ಇಲ್ಲಿ ಹೇಳುವ ಆಮ್ಲಜನಕವು ನೀರಿನ ಅಣುವಿನ ಭಾಗವಾಗಿರುವುದಲ್ಲ. ಬಿಡಿಯಾಗಿ ಕರಗಿದ್ದು, ಮೀನು ಸಿಗಡಿಗಳ ಕಿವಿರಿಗೆ ದಕ್ಕುವಂಥದ್ದು. ನೀರು ಬಿಸಿಯಾದಷ್ಟೂ ಉಪ್ಪಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕಕ್ಕೆ ಸಂತೃಪ್ತವಾದರೆ, ಕಡಲ ನೀರು ಸುಮಾರು 6.4 ಮಿಲಿಗ್ರಾಂಗೇ ಸಂತೃಪ್ತವಾಗುತ್ತದೆ.

ಏರಿಳಿತದ ಮೂಲ ಬಿಸಿಲು. ಪಾಚಿ ಮತ್ತು ಸಸ್ಯಪ್ಲವಕಗಳು (ನೀರಿನಲ್ಲಿ ತೇಲುವ, ಸಸ್ಯದಂಥ ಸೂಕ್ಷ್ಮಜೀವಿಗಳು) ದ್ಯುತಿಸಂಶ್ಲೇಷಣೆಯಿಂದ ಬಿಡುವ ಆಮ್ಲಜನಕವು ಹಗಲಿನಲ್ಲಿ ಎಲ್ಲ ಜೀವಿಗಳ ಉಸಿರಾಟದ ಖರ್ಚನ್ನು ಮೀರುವುದರಿಂದ, ಮಧ್ಯಾಹ್ನದ ನಂತರ ಪ್ರಮಾಣವು ತುದಿ ಮುಟ್ಟುತ್ತದೆ. ದಟ್ಟ ಪಾಚಿಯಿರುವಲ್ಲಿ ಸಂತೃಪ್ತಿಯ ಮಟ್ಟವನ್ನೂ ದಾಟಿ, ಪಾಚಿಯ ಎಳೆಗಳ ಮೇಲೆ ಸಣ್ಣ ಗುಳ್ಳೆಗಳು ಕಟ್ಟಿಕೊಳ್ಳುತ್ತವೆ. ಹೊತ್ತು ಮುಳುಗಿದ ಮೇಲೆ ಉತ್ಪಾದನೆ ನಿಲ್ಲುತ್ತದೆ, ಉಸಿರಾಟ ಮಾತ್ರ ನಿಲ್ಲುವುದಿಲ್ಲ, ಪಾಚಿಯೂ ಉಸಿರಾಡುತ್ತದೆ. ಹೀಗಾಗಿ ಅತಿ ಕಡಿಮೆ ಪ್ರಮಾಣ ಕಾಣುವುದು ನಡುರಾತ್ರಿಯಲ್ಲಲ್ಲ, ಬೆಳಕು ಹರಿಯುವ ಮುನ್ನ.

ಕಾರವಾರದ ತೆರೆದ ಕಡಲತೀರದಲ್ಲಿ ಅಲೆಗಳು ಗಾಳಿಯನ್ನು ನೀರಿಗೆ ಬೆರೆಸುತ್ತಲೇ ಇರುವುದರಿಂದ ಈ ಅಂತರ ಸಾಮಾನ್ಯವಾಗಿ ಕಿರಿದು. ಅಘನಾಶಿನಿ ನದಿಯ ಗಜನಿಗಳಂಥ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಂಥ) ಆಳವಿಲ್ಲದ, ನಿಂತ ನೀರಿನಲ್ಲಿ ಅದು ದೊಡ್ಡದಾಗಬಹುದು. ನಸುಕಿನಲ್ಲಿ ಸಿಗಡಿಗಳು ತಳ ಬಿಟ್ಟು ಮೇಲೆ ಬಂದು ಅಂಚಿನಲ್ಲಿ ಗುಂಪುಗೂಡಿದರೆ, ಆಮ್ಲಜನಕದ ಕೊರತೆಯನ್ನು ಮೊದಲು ಶಂಕಿಸಬೇಕು. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದ ಸ್ಥಿತಿಯನ್ನು ವಿಜ್ಞಾನಿಗಳು ಸಾಮಾನ್ಯವಾಗಿ ಆಮ್ಲಜನಕ ಕ್ಷಾಮವೆಂದು ಪರಿಗಣಿಸುತ್ತಾರೆ. ಅಲ್ಲಿ ಬದುಕುವ ಜೀವಿಗೆ ದಿನದ ಸರಾಸರಿಗಿಂತ ಆ ನಸುಕಿನ ಅಂಕಿಯೇ ಮುಖ್ಯವೆಂದು ನನಗನಿಸುತ್ತದೆ.

ಕಾಳಿ ನದಿಯ ಅಳಿವೆಯಲ್ಲಿ ಇನ್ನೊಂದು ತೊಡಕಿದೆ. ಉಬ್ಬರದಲ್ಲಿ ಕಡಲ ನೀರೂ ಇಳಿತದಲ್ಲಿ ಹೊಳೆಯ ನೀರೂ ಒಂದೇ ಜಾಗದಲ್ಲಿ ಹಾದುಹೋಗುವುದರಿಂದ, ಬಿಸಿಲಿನ ಪರಿಣಾಮಕ್ಕೆ ಉಬ್ಬರ-ಇಳಿತದ ಪರಿಣಾಮವೂ ಬೆರೆಯುತ್ತದೆ. ಆದರೆ ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಸೂರ್ಯೋದಯದ ವೇಳೆ ಹಾಗೆ ಸರಿಯುವುದಿಲ್ಲ. ಎರಡು ವಾರ ಬಿಡದೆ ಅಳೆದರೆ ಇವೆರಡನ್ನು ಬೇರ್ಪಡಿಸಬಹುದು. ಮಳೆಗಾಲದಲ್ಲಿ ಆಳದ ಆಮ್ಲಜನಕ ಕಡಿಮೆಯಿರುವ ನೀರು ಪಶ್ಚಿಮ ಕರಾವಳಿಯತ್ತ ಮೇಲೇರಿ ಬರುವುದು ಋತುವಿನ ಬದಲಾವಣೆ, ದೈನಿಕವಲ್ಲ.

ಅಳೆಯಲು ಇಂದು ಸಂವೇದಕಗಳಿದ್ದರೂ, ಹಂಗೇರಿಯ ರಸಾಯನಶಾಸ್ತ್ರಜ್ಞ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇನ್ನೂ ಬಳಕೆಯಲ್ಲಿದೆ. ಗುಳ್ಳೆ ಉಳಿಯದಂತೆ ತುಂಬಿದ ಬಾಟಲಿಗೆ ಮ್ಯಾಂಗನೀಸ್ ಲವಣ ಮತ್ತು ಕ್ಷಾರೀಯ ಅಯೊಡೈಡ್ ಹಾಕಿದಾಗ, ಆಮ್ಲಜನಕವಿದ್ದರೆ ಕಂದು ಗಸಿ, ಇಲ್ಲದಿದ್ದರೆ ಬಿಳಿ ಗಸಿ ಇಳಿಯುತ್ತದೆ. ಇದನ್ನು ದಡದಲ್ಲೇ, ಗಂಟೆ ಗುರುತು ಹಾಕಿಕೊಂಡು ಮಾಡಬೇಕು. ಪ್ರಯೋಗಾಲಯ ತಲುಪುವವರೆಗೆ ಕಾದರೆ ಬಾಟಲಿಯೊಳಗಿನ ಸೂಕ್ಷ್ಮಜೀವಿಗಳು ದಾರಿಯುದ್ದಕ್ಕೂ ಉಸಿರಾಡುತ್ತಲೇ ಇರುತ್ತವೆ.