ಜಗಲಿಯಲ್ಲಿ ಮೆಷಿನ್, ತೋಟದ ಬಾಯಲ್ಲಿ ಗೇಟು: ವೆಲ್ಡಿಂಗ್ ಕೇಬಲ್ಲಿನ ಲೆಕ್ಕ

ಮಲೆನಾಡಿನ ಒಂಟಿಮನೆಯಲ್ಲಿ ವೆಲ್ಡಿಂಗ್ ಕೆಲಸ ಹಿಡಿದರೆ ಪರಿಸ್ಥಿತಿ ಹೆಚ್ಚಾಗಿ ಹೀಗಿರುತ್ತದೆ. 16 ಆಂಪಿಯರ್ ಪ್ಲಗ್ ಇರುವುದು ಜಗಲಿಯಲ್ಲಿ. ಮುರಿದ ಗೇಟು ಇರುವುದು ಅಂಗಳ ದಾಟಿ, ಪಾಚಿಗಟ್ಟಿದ ಮೆಟ್ಟಿಲಿಳಿದು, ಮೂವತ್ತು ಮೀಟರ್ ಕೆಳಗೆ ತೋಟದ ಬಾಯಲ್ಲಿ. ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಮೆಷಿನನ್ನೇ ಗೇಟಿನ ಹತ್ತಿರ ಒಯ್ಯುವುದೋ, ಮೆಷಿನನ್ನು ಜಗಲಿಯಲ್ಲೇ ಬಿಟ್ಟು ವೆಲ್ಡಿಂಗ್ ಕೇಬಲ್ ಎಳೆಯುವುದೋ?

ಮೊದಲನೆಯದು ಅಗ್ಗ, ಹಾಗಾಗಿ ಹೆಚ್ಚಿನವರು ಅದನ್ನೇ ಮಾಡುತ್ತಾರೆ. ಆದರೆ ಆಗ 230 ವೋಲ್ಟ್ ಒದ್ದೆ ನೆಲದ ಮೇಲೆ, ಎಲ್ಲೆಲ್ಲೋ ಟೇಪ್ ಸುತ್ತಿದ ವೈರಿನಲ್ಲಿ, ಕಾಲಡಿಯಲ್ಲಿ ಮಲಗಿರುತ್ತದೆ. ಎರಡನೆಯದರಲ್ಲಿ ನೆಲದ ಮೇಲಿರುವುದು ಹೆಚ್ಚೆಂದರೆ 80 ವೋಲ್ಟ್ ಆಸುಪಾಸು. ಅದೂ ನಿರಪಾಯವಲ್ಲ, ಆ ಮಾತು ಮುಂದೆ ಬರುತ್ತದೆ. ಆದರೂ ಉದ್ದ ಮಾಡಬೇಕಾದದ್ದು ವೆಲ್ಡಿಂಗ್ ಕೇಬಲ್ಲನ್ನೇ. ತೊಡಕಿರುವುದು ಒಂದೇ ಕಡೆ: ಅಂಗಡಿಯಲ್ಲಿ ಎಲ್ಲರೂ ಕೇಳುವುದು "ಎಷ್ಟು ಆಂಪಿಯರಿನದು ಕೊಡಿ" ಎಂದು. ದೂರ ಎಷ್ಟು ಎಂದು ಯಾರೂ ಹೇಳುವುದಿಲ್ಲ.

10 ನಂಬರ್ ರಾಡು, ಅಂದರೆ 3.15 ಮಿ.ಮೀ. ಎಲೆಕ್ಟ್ರೋಡು, 110 ಆಂಪಿಯರಿನಲ್ಲಿ ಚೆನ್ನಾಗಿ ಓಡುತ್ತದೆ. ಆಗ ಆರ್ಕಿಗೆ, ಅಂದರೆ ರಾಡಿನ ತುದಿಯಲ್ಲಿ ಉರಿಯುವ ವಿದ್ಯುತ್ ಜ್ವಾಲೆಗೆ, ಬೇಕಾದ ವೋಲ್ಟೇಜು ಸುಮಾರು 24. ಗೇಟು 30 ಮೀಟರ್ ದೂರವಿದ್ದರೆ ಕರೆಂಟು ಓಡುವ ದಾರಿ 60 ಮೀಟರ್, ಏಕೆಂದರೆ ರಾಡು ಹಿಡಿಯುವ ಹೋಲ್ಡರಿನ ಕೇಬಲ್ಲಿನಲ್ಲಿ ಹೋದದ್ದು ಗೇಟಿಗೆ ಕಚ್ಚಿಸುವ ಅರ್ತ್ ಕ್ಲಾಂಪಿನ ಕೇಬಲ್ಲಿನಲ್ಲಿ ವಾಪಸು ಬರಬೇಕು. 16 ಚದರ ಮಿ.ಮೀ. (ಒಳಗಿನ ಲೋಹದ ಅಡ್ಡಕೊಯ್ತದ ಅಳತೆ) ತಾಮ್ರದ ಕೇಬಲ್ಲಿನಲ್ಲಿ ಈ ದಾರಿಯುದ್ದಕ್ಕೂ 8 ವೋಲ್ಟ್ ಸೋರಿ, 880 ವ್ಯಾಟ್ ಬರೀ ಬಿಸಿಯಾಗಿ ಹೋಗುತ್ತದೆ. ನೀರು ಕಾಯಿಸುವ ಸಣ್ಣ ಕಾಯಿಲ್ ಒಂದನ್ನು ಅಂಗಳದುದ್ದಕ್ಕೂ ಹಾಸಿಟ್ಟ ಹಾಗೆ. 25 ಚದರ ಮಿ.ಮೀ. ಆದರೆ 5 ವೋಲ್ಟ್, 35 ಆದರೆ 3.7, 50 ಆದರೆ 2.5.

ಕೇಬಲ್ ಕಂಪನಿಯ ಆಂಪಿಯರ್ ಪಟ್ಟಿ ನೋಡಿದರೆ 16ರ ಕೇಬಲ್ಲು 110 ಆಂಪಿಯರ್ ತಾಳುತ್ತದೆ. ತಾಳುತ್ತದೆ, ನಿಜ, ಸುಟ್ಟುಹೋಗುವುದಿಲ್ಲ. ಆದರೆ ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ ಆದರೆ ಆರ್ಕು ಬಡವಾಗಿ ರಾಡು ಅಂಟುತ್ತದೆ. ಎಲೆಕ್ಟ್ರಾನಿಕ್ ಆದ ಇನ್ವರ್ಟರ್ ಮೆಷಿನ್ ಕರೆಂಟನ್ನು ಹೇಗೋ ಕಾಯ್ದುಕೊಳ್ಳುತ್ತದೆ, ಆದರೆ ಆ 880 ವ್ಯಾಟನ್ನೂ ಜಗಲಿಯ ಪ್ಲಗ್ಗಿನಿಂದಲೇ ಎಳೆಯಬೇಕು. ಸಂಜೆ ಹೊತ್ತು ಹಳ್ಳಿಯ ಲೈನು 180 ವೋಲ್ಟಿಗೆ ಇಳಿದಿದ್ದರೆ ಎಂಸಿಬಿ ಬೀಳುವುದು ಅಲ್ಲಿಯೇ. ಬೈಸಿಕೊಳ್ಳುವುದು ಮಾತ್ರ ಮೆಷಿನ್ನು. ಮೂವತ್ತು ಮೀಟರ್ ದೂರಕ್ಕೆ 35 ಚದರ ಮಿ.ಮೀ. ಎಂಬುದು ನಮ್ಮ ಶಿಫಾರಸು. ಶೆಡ್ಡಿನೊಳಗೆ ಹತ್ತು ಮೀಟರ್ ಒಳಗಿನ ಕೆಲಸವಾದರೆ 25 ಸಾಕು.

ಇನ್ನು ಕೇಬಲ್ಲಿನ ಒಳಗೆ ನೋಡೋಣ. 25 ಚದರ ಮಿ.ಮೀ. ವೈರಿಂಗ್ ಕೇಬಲ್ ಸೀಳಿದರೆ ಸಿಗುವುದು ಏಳು ದಪ್ಪ ತಂತಿ, ಒಂದೊಂದೂ 2 ಮಿ.ಮೀ. ಮೇಲೆ. ಅಷ್ಟೇ ಗಾತ್ರದ ವೆಲ್ಡಿಂಗ್ ಕೇಬಲ್ಲಿನಲ್ಲಿ 0.2 ಮಿ.ಮೀ. ಎಳೆಗಳು ಸುಮಾರು 800. ತಂತಿ ಬಾಗಿದಾಗ ಹೊರಮೈ ಹಿಗ್ಗಿ ಒಳಮೈ ಕುಗ್ಗುತ್ತದೆ. ಎಳೆ ಹತ್ತು ಪಟ್ಟು ತೆಳುವಾದರೆ ಅದೇ ಬಾಗಿನಲ್ಲಿ ಆ ಎಳೆತವೂ ಹತ್ತರಲ್ಲೊಂದು ಪಾಲು. ದಿನಕ್ಕೆ ನೂರಾರು ಸಲ ಮಣಿಕಟ್ಟಿನ ಜೊತೆ ತಿರುಗುವ ಕೇಬಲ್ಲು ತುಂಡಾಗದೆ ಉಳಿಯುವುದು ಇದರಿಂದ. ಮೇಲಿನ ಹೊದಿಕೆ ರಬ್ಬರಿನದೇ ಆಗಬೇಕು. ಪಿವಿಸಿ ಆದರೆ ಸಿಡಿದ ಕಿಡಿಗೆ ಕರಗುತ್ತದೆ, ಚಳಿಗೆ ಸೆಟೆಯುತ್ತದೆ. ಭಾರತೀಯ ಮಾನಕ ಐಎಸ್ 9857 ಎಂಬ ಅಂಕಿ ಮತ್ತು ಎಚ್‌ಒಎಫ್‌ಆರ್ ಎಂಬ ಅಕ್ಷರಗಳು ಹೊದಿಕೆಯ ಮೇಲಿವೆಯೇ ನೋಡಿ. ಅಕ್ಷರಗಳ ಅರ್ಥ: ಕಾವು, ಎಣ್ಣೆ, ಬೆಂಕಿಯನ್ನು ತಾಳುವ ರಬ್ಬರು.

ಅಚ್ಚು ಹಾಕಿದ್ದನ್ನೆಲ್ಲ ನಂಬಬೇಕೆಂದೇನೂ ಇಲ್ಲ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಎಳೆಗಳು ನೋಡಲು ಥೇಟ್ ತಾಮ್ರವೇ. ಪರೀಕ್ಷೆ ಸುಲಭ. 30 ಸೆಂ.ಮೀ. ತುಂಡಿನ ರಬ್ಬರು ಪೂರ್ತಿ ಸುಲಿದು ಎಳೆಗಳನ್ನಷ್ಟೇ ಗ್ರಾಂ ತಕ್ಕಡಿಯಲ್ಲಿಡಿ. ತೂಕವನ್ನು 2.7ರಿಂದ ಭಾಗಿಸಿದರೆ ತಾಮ್ರದ ನಿಜವಾದ ಚದರ ಮಿ.ಮೀ. ಬರುತ್ತದೆ. 35ರ ಕೇಬಲ್ಲು ಸುಮಾರು 94 ಗ್ರಾಂ ತೂಗಬೇಕು. 70 ತೂಗಿದರೆ ನಿಮ್ಮ ಕೈಗೆ ಬಂದಿರುವುದು 26. 40ರ ಒಳಗಿದ್ದರೆ ಒಳಗಿರುವುದು ಅಲ್ಯೂಮಿನಿಯಂ. ಚಾಕುವಿನಿಂದ ಎಳೆ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅಲ್ಯೂಮಿನಿಯಂ ಎಂದೇ ಹೇಳಿ ಮಾರುವ ಕೇಬಲ್ಲು ಮೋಸವಲ್ಲ, ಹಗುರವೂ ಹೌದು. ಆದರೆ ತಾಮ್ರದ 1.6 ಪಟ್ಟು ಗಾತ್ರದ್ದು ತರಬೇಕು.

ಒಳ್ಳೆಯ ಕೇಬಲ್ ತಂದು ಅದರ ತುದಿಗೆ ಹಾಕುವ ಲೋಹದ ಕೊಳವೆಯಲ್ಲಿ, ಅಂದರೆ ಲಗ್‌ನಲ್ಲಿ ಕೆಡಿಸುವುದೂ ಮಾಮೂಲು. ಸುತ್ತಿಗೆಯಲ್ಲಿ ಜಜ್ಜಿದ ಲಗ್‌ನೊಳಗೆ ಅರ್ಧ ಎಳೆಗಳು ಸಡಿಲ, ಕಾಲು ಭಾಗ ತುಂಡು. ಆ ಜೋಡಣೆಯ ಪ್ರತಿರೋಧ ಒಂದು ಓಮಿನ ಸಾವಿರದಲ್ಲೊಂದು ಪಾಲು ಇದ್ದರೂ 150 ಆಂಪಿಯರಿಗೆ ಅಲ್ಲಿ 22 ವ್ಯಾಟ್ ಬಿಸಿ. ರೇಡಿಯೋ ರಿಪೇರಿಯ ಸಾಲ್ಡರಿಂಗ್ ಐರನ್ನಿನಲ್ಲಿರುವುದೂ ಹೆಚ್ಚುಕಮ್ಮಿ ಅಷ್ಟೇ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಂಥ ಕಡೆ ಲಗ್ ಒತ್ತುವ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುವವರನ್ನು ವಿಚಾರಿಸಿ, ಕೇಬಲ್ಲಿನ ಗಾತ್ರದ್ದೇ ಡೈ ಹಾಕಿ ಒತ್ತಿಸಿ. ಆಮೇಲೆ ಐದಾರು ರಾಡು ಸುಟ್ಟು, ಮೆಷಿನ್ ಆಫ್ ಮಾಡಿ, ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಲಗ್ ಕೇಬಲ್ಲಿಗಿಂತ ಬಿಸಿಯಾಗಿದ್ದರೆ ಜೋಡಣೆ ಕೆಟ್ಟಿದೆ ಎಂದೇ ಲೆಕ್ಕ.

ಮಳೆಗಾಲದ ಇನ್ನೊಂದು ಕಾಟವಿದೆ. ಎಳೆಗಳ ನಡುವಿನ ಸಂದು ದೀಪದ ಬತ್ತಿಯಂತೆ ನೀರು ಹೀರುತ್ತದೆ. ತೆರೆದ ತುದಿ ಒದ್ದೆಯಲ್ಲಿ ಬಿದ್ದಿದ್ದರೆ ಕಿಲುಬು ಹೊರಗೆ ಕಾಣದೆ ರಬ್ಬರಿನೊಳಗೇ ಏರುತ್ತದೆ. ಲಗ್ ಬದಲಿಸುವಾಗ ಎಳೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸುತ್ತ ಹೋಗಿ. ಕಪ್ಪಾದ ಎಳೆಯ ಮೇಲೆ ಎಂಥ ಕ್ರಿಂಪಿಂಗೂ ನಿಲ್ಲದು.

ಈಗ ಆ 80 ವೋಲ್ಟಿನ ಮಾತು. ಎಸಿ ವೆಲ್ಡಿಂಗ್ ಮೆಷಿನ್ನಿಗೆ ಅಂತರರಾಷ್ಟ್ರೀಯ ಮಾನದಂಡ ಬಿಟ್ಟಿರುವ ಗರಿಷ್ಠ ಮಿತಿ ಇದು, ಆರ್ಕು ಇಲ್ಲದಾಗಿನದು. ಒದ್ದೆ, ಇಕ್ಕಟ್ಟು, ಸುತ್ತ ಕಬ್ಬಿಣ ಇರುವ ಜಾಗಕ್ಕೆ ಅದೇ ಮಾನದಂಡ ಕೊಡುವುದು 48 ಮಾತ್ರ. ಕಾರಣ ಬೆವರು. ಒದ್ದೆ ಮೈಯ ಪ್ರತಿರೋಧ ಸಾವಿರ ಓಮಿಗೆ ಇಳಿದರೆ 80 ವೋಲ್ಟು 80 ಮಿಲಿಆಂಪಿಯರ್ ಹರಿಸುತ್ತದೆ, ಹೃದಯದ ಲಯ ತಪ್ಪಿಸಲು ಅಷ್ಟು ಸಾಕು. "ಮನೆಗೆ ಇಎಲ್‌ಸಿಬಿ ಹಾಕಿದ್ದೇವಲ್ಲ" ಎನ್ನುವವರು (ಕರೆಂಟು ಭೂಮಿಗೆ ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು ಅದು) ಒಂದು ಗಮನಿಸಬೇಕು: ಮೆಷಿನ್ನಿನೊಳಗಿನ ಟ್ರಾನ್ಸ್‌ಫಾರ್ಮರು ಪ್ಲಗ್ಗಿನ ಕಡೆಯನ್ನೂ ಹೋಲ್ಡರಿನ ಕಡೆಯನ್ನೂ ಬೇರ್ಪಡಿಸಿರುತ್ತದೆ. ಹೋಲ್ಡರಿನ ಕಡೆಯಿಂದ ಶಾಕ್ ಹೊಡೆದರೆ ಇಎಲ್‌ಸಿಬಿಗೆ ಅದು ಗೊತ್ತೇ ಆಗುವುದಿಲ್ಲ, ಬೀಳುವುದೂ ಇಲ್ಲ. ಅಲ್ಲಿ ಕಾಯುವುದು ಒಣ ಗ್ಲೌಸು, ತೂತಿಲ್ಲದ ರಬ್ಬರ್ ಅಡಿಯ ಬೂಟು, ಕಾಲಡಿ ಒಂದು ಒಣ ಹಲಗೆ, ಬಿರುಕಿಲ್ಲದ ಹೋಲ್ಡರು. ರಾಡು ಬದಲಿಸುವ ಗಳಿಗೆಯೇ ಅಪಾಯದ್ದು. ಪೂರ್ತಿ ವೋಲ್ಟೇಜು ಇರುವುದು ಆಗ. ಆರ್ಕು ಇಲ್ಲದಾಗ ವೋಲ್ಟೇಜು ತಗ್ಗಿಸುವ ಸಾಧನ, ಅಂದರೆ ವಿಆರ್‌ಡಿ ಇರುವ ಇನ್ವರ್ಟರು ಮಳೆನಾಡಿಗೆ ಹೇಳಿ ಮಾಡಿಸಿದ್ದು.

ಅರ್ತ್ ಕ್ಲಾಂಪ್ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅದು ಭೂಮಿಗಲ್ಲ, ಕರೆಂಟು ಮರಳುವ ದಾರಿ. ತುಕ್ಕಿನ ಮೇಲೆ, ಪೇಂಟಿನ ಮೇಲೆ ಕಚ್ಚಿಸಿದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಅಡಿಕೆ ಸುಲಿಯುವ ಯಂತ್ರದ ಒಂದು ಬದಿಗೆ ಕ್ಲಾಂಪ್ ಹಾಕಿ ಇನ್ನೊಂದು ಬದಿಯ ಶಾಫ್ಟಿನಲ್ಲಿ ಬೆಸೆದರೆ ಆ ದಾರಿ ಬೇರಿಂಗು: ಗುಂಡುಗಳ ಮೇಲೆ ಚುಕ್ಕೆ ಚುಕ್ಕೆ ಸುಟ್ಟು, ತಿಂಗಳೊಪ್ಪತ್ತಿನಲ್ಲಿ ಗರಗರ ಶುರು. ಬೆಸೆಯುವ ತುಂಡೇ ಕಟ್ಟಡದ ಅರ್ತಿಗೆ ತಾಗಿದ್ದರೆ ನೂರು ಆಂಪಿಯರು ಪ್ಲಗ್ಗಿನ 2.5 ಚದರ ಮಿ.ಮೀ. ಹಸಿರು ವೈರಿನಲ್ಲಿ ಓಡಿ ಅದನ್ನೇ ಸುಟ್ಟುಬಿಡಬಹುದು. ಅರ್ತ್ ಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಹಾಗಾಗಿ ಕ್ಲಾಂಪು ಬೆಸೆಯುವ ತುಂಡಿಗೇ, ಗ್ರೈಂಡ್ ಮಾಡಿದ ಬೆಳ್ಳನೆಯ ಕಬ್ಬಿಣಕ್ಕೇ ಕಚ್ಚಬೇಕು.

ನಿಯಮಗಳಲ್ಲಿರುವುದೂ ಇದೇ ಲೆಕ್ಕ. ಹೋಲ್ಡರಿನಿಂದ 3 ಮೀಟರ್ ಒಳಗೆ ಜಾಯಿಂಟ್ ಇರಕೂಡದು, ಕೇಬಲ್ಲನ್ನು ಮೈಗೆ ಸುತ್ತಿಕೊಳ್ಳಕೂಡದು ಎನ್ನುತ್ತದೆ ಅಮೆರಿಕದ ಸುರಕ್ಷತಾ ನಿಯಮ, ಅನುಸರಿಸಲು ಅಮೆರಿಕದಲ್ಲಿರಬೇಕಿಲ್ಲ. ನಮ್ಮಲ್ಲಿ ವೆಲ್ಡಿಂಗ್ ಸುರಕ್ಷತೆಗೆ ಐಎಸ್ 818, ಬೆಂಕಿಯ ಮುನ್ನೆಚ್ಚರಿಕೆಗೆ ಐಎಸ್ 3016 ಇವೆ. ಟ್ಯಾಂಕಿನಂಥ ಇಕ್ಕಟ್ಟಿನೊಳಗೆ ತಕ್ಕ ರಕ್ಷಣೆಯಿಲ್ಲದೆ 24 ವೋಲ್ಟ್ ಮೀರಿದ ಕೈದೀಪ ಒಯ್ಯಬಾರದೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಮೂರು ಜನರ ಅಂಗಡಿ ಕಾರ್ಖಾನೆಯ ವ್ಯಾಖ್ಯೆಗೆ ಬರದಿರಬಹುದು. ಕರೆಂಟು ಮಾತ್ರ ಹಾಜರಿ ಪುಸ್ತಕ ನೋಡುವುದಿಲ್ಲ.

ಮಲೆನಾಡಿನಲ್ಲಿ ಬೆಂಕಿಯ ನಿಯಮಕ್ಕೆ ಬೇರೆಯೇ ತೂಕ. ಬೆಸೆಯುವ ಜಾಗದಿಂದ 11 ಮೀಟರ್ ಒಳಗೆ ಉರಿಯುವಂಥದ್ದೇನೂ ಇರಬಾರದು, ಕೆಲಸ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಒಬ್ಬರು ಕಾವಲಿರಬೇಕು ಎಂಬುದು ಒಪ್ಪಿತ ಪದ್ಧತಿ. ಕೊಟ್ಟಿಗೆಯ ಅಟ್ಟದಲ್ಲಿ ಒಣಹುಲ್ಲು, ಅಂಗಳದ ಮೂಲೆಯಲ್ಲಿ ಅಡಿಕೆ ಸಿಪ್ಪೆಯ ರಾಶಿ ಇರುವ ಮನೆಯಲ್ಲಿ ಆ ಅರ್ಧ ಗಂಟೆಯನ್ನು ಒಂದು ಗಂಟೆ ಮಾಡಿ. ಸಿಪ್ಪೆಯೊಳಗೆ ಬಿದ್ದ ಕಿಡಿ ಉರಿಯದೆ ಒಳಗೊಳಗೇ ಹೊಗೆಯಾಡುತ್ತಿರುತ್ತದೆ.

ಕಾವಲಿರುವ ಹೊತ್ತಿನಲ್ಲೇ ಕೇಬಲ್ಲನ್ನು ಒರೆಸಿ, ಕೈಯಾಡಿಸಿ ಸೀಳು ಹುಡುಕಿ, ಅಗಲವಾದ ಸುರುಳಿ ಸುತ್ತಬಹುದು. ಕೆಲಸದ ನಡುವೆ ಮಾತ್ರ ಸುರುಳಿ ಬೇಡ: ಉಳಿದ ಉದ್ದವನ್ನು ಅಂಕುಡೊಂಕಾಗಿ ಹರಡಿ, ಇಲ್ಲವಾದರೆ ಒಳಸುತ್ತುಗಳ ಬಿಸಿ ಹೊರಗೆ ಹೋಗದು. ಸುತ್ತಿಟ್ಟದ್ದನ್ನು ದಪ್ಪ ಗೂಟಕ್ಕೆ ನೇತುಹಾಕಿ. ನೆಲದಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಇಲಿ ರಬ್ಬರಿನ ರುಚಿ ನೋಡಿರುತ್ತದೆ.